ಮಂಗಳೂರಿನ ವಂದೇ ಭಾರತ್ ಮುನ್ನೂರರ ವೇಗದಲ್ಲಿ ಯಾಕೆ ಓಡುವುದಿಲ್ಲ?

ಮಂಗಳೂರು ಸೆಂಟ್ರಲ್‌ನಿಂದ ಮಡಗಾಂವ್‌ಗೆ ಹಳಿಯ ಮೇಲೆ ಸುಮಾರು 320 ಕಿ.ಮೀ. 2023ರ ಡಿಸೆಂಬರ್ 30ರಂದು ಶುರುವಾದ ವಂದೇ ಭಾರತ್ ನಡುವೆ ಉಡುಪಿ, ಕಾರವಾರ ಎರಡೇ ಕಡೆ ನಿಂತು ಈ ದೂರ ಮುಗಿಸಲು ನಾಲ್ಕೂವರೆ ಗಂಟೆಗಿಂತ ಚೂರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಭಾಗಿಸಿ ನೋಡಿದರೆ ಸರಾಸರಿ ಗಂಟೆಗೆ 70 ಕಿ.ಮೀ. ಕೂಡ ಪೂರ್ತಿ ಇಲ್ಲ. ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಬೀಜಿಂಗ್‌ನಿಂದ ಹೊರಟವರು 1,318 ಕಿ.ಮೀ. ದೂರದ ಶಾಂಘೈಯಲ್ಲಿ ಇಳಿದಿರುತ್ತಾರೆ.

ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಬರುವ ಮಾತು ಒಂದೇ: ಅವರ ಇಂಜಿನ್ ಜೋರು, ನಮ್ಮದು ಸುಮಾರು. ಆದರೆ ವಂದೇ ಭಾರತ್ ಗಾಡಿಯನ್ನು ರೂಪಿಸಿರುವುದೇ 180ರ ವೇಗಕ್ಕೆ. ಕೊಂಕಣದ ಹಳಿಯಲ್ಲಿ ಅದು ಓಡುವುದು ಹೆಚ್ಚೆಂದರೆ 110, 120ರಲ್ಲಿ. ಹಾಗಾಗಿ ತಡೆಯುತ್ತಿರುವುದು ಇಂಜಿನ್ ಅಲ್ಲ. ತಿರುವು, ಮಣ್ಣು, ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಪಾಯಿಂಟು, ಮೇಲಿನ ಕರೆಂಟು ತಂತಿ, ಎದುರಿನಿಂದ ಬರುವ ಇನ್ನೊಂದು ಗಾಡಿ, ಇವೆಲ್ಲ ಸೇರಿ ವೇಗ ನಿಗದಿಯಾಗುತ್ತದೆ. ಅತಿವೇಗದ ರೈಲು ಎಂದರೆ ಬಹುಪಾಲು ಸಿವಿಲ್ ಇಂಜಿನಿಯರಿಂಗ್ ಕೆಲಸ, ಉದ್ದ ಮೂತಿಯ ಗಾಡಿ ಅದರ ಮೇಲೆ ಕೊನೆಗೆ ತಂದಿಡುವ ಸಾಮಾನು.

ಲೆಕ್ಕಕ್ಕೆ ಒಂದು ಗೆರೆ ಬೇಕಲ್ಲ. ಹೊಸದಾಗಿ ಕಟ್ಟಿದ ಮಾರ್ಗದಲ್ಲಿ 250 ಕಿ.ಮೀ. ಅಥವಾ ಅದಕ್ಕಿಂತ ಮೇಲೆ, ಹಳೆಯದನ್ನು ಸುಧಾರಿಸಿದ ಮಾರ್ಗದಲ್ಲಿ 200ರ ಆಸುಪಾಸು ಓಡಿದರೆ ಅದನ್ನು ಅತಿವೇಗದ ರೈಲು ಎನ್ನುವುದು ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟದ ವಾಡಿಕೆ. ಮೊದಲ ಹೆಜ್ಜೆ ಜಪಾನಿನದು. 1964ರ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಶಿನ್ ಒಸಾಕಾ ನಡುವಿನ 515 ಕಿ.ಮೀ. ಮಾರ್ಗದಲ್ಲಿ 210ರ ವೇಗದಲ್ಲಿ ಶಿಂಕಾನ್ಸೆನ್ ಓಡಿತು. ಫ್ರಾನ್ಸಿನ ಟಿಜಿವಿ 1981ರಲ್ಲಿ ಪ್ಯಾರಿಸ್–ಲಿಯಾನ್ ನಡುವೆ, ಸ್ಪೇನಿನ ಆವೆ 1992ರಲ್ಲಿ ಮ್ಯಾಡ್ರಿಡ್–ಸೆವಿಯ್ಯಾ ನಡುವೆ ಬಂತು. ಚೀನಾ ತಡವಾಗಿ ಶುರುಮಾಡಿತು. 2008ರ ಆಗಸ್ಟ್‌ನಲ್ಲಿ ಬೀಜಿಂಗ್–ತಿಯಾಂಜಿನ್ ನಡುವೆ 350ರಲ್ಲಿ ಗಾಡಿ ಬಿಟ್ಟಿತು. ಇವತ್ತು ಜಗತ್ತಿನ ಅತಿವೇಗದ ಹಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ.

ತಿರುವಿನ ಲೆಕ್ಕ

ಕಂಬಳದ ಕರೆ, ಅಂದರೆ ಕೋಣಗಳು ಓಡುವ ಗದ್ದೆ, ನೇರವಾಗಿಯೇ ಇರುತ್ತದೆ. ಓಟಕ್ಕೆ ಬಿದ್ದ ಕೋಣಗಳನ್ನು ನಡುವೆ ತಿರುಗಿಸುವ ಹುಚ್ಚು ಯಾರಿಗೂ ಇಲ್ಲ. ರೈಲಿನ ವಿಷಯವೂ ಅದೇ, ಆದರೆ ಗುಡ್ಡ, ಹೊಳೆ, ಊರು ಇರುವಲ್ಲಿ ಹಳಿ ತಿರುಗಲೇಬೇಕು.

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತವರಿಗೆ ತಿರುವಿನಲ್ಲಿ ಮೈ ಯಾವ ಕಡೆ ಎಳೆಯುತ್ತದೆ ಎಂದು ಹೇಳಿಕೊಡಬೇಕಿಲ್ಲ. ಆ ಎಳೆತ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಇದನ್ನು ತಗ್ಗಿಸಲು ತಿರುವಿನ ಹೊರಬದಿಯ ಹಳಿಯನ್ನು ಒಳಬದಿಯದಕ್ಕಿಂತ ಎತ್ತರಿಸಿ ಹಾಕುತ್ತಾರೆ. ರೈಲ್ವೆಯವರು ಇದಕ್ಕೆ ಕ್ಯಾಂಟ್ ಎನ್ನುತ್ತಾರೆ. ಗಾಡಿ ಒಳಗಡೆಗೆ ವಾಲುತ್ತದೆ, ಅದರ ಭಾರವೇ ಹೊರಗೆಳೆತಕ್ಕೆ ಎದುರು ನಿಲ್ಲುತ್ತದೆ.

ಎಷ್ಟು ಎತ್ತರಿಸಬೇಕು? ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಬರೆದು ವರ್ಗ ಮಾಡಿ, ತಿರುವಿನ ತ್ರಿಜ್ಯದಿಂದ ಭಾಗಿಸಿ, ಮತ್ತೆ 9.81ರಿಂದ ಭಾಗಿಸಿ. ಬಂದದ್ದನ್ನು ಎರಡು ಹಳಿಗಳ ನಡುಗೆರೆಯ ಅಂತರದಿಂದ ಗುಣಿಸಿ. ನಮ್ಮ ಬ್ರಾಡ್‌ಗೇಜಿಗೆ ಆ ಅಂತರ 1,750 ಮಿ.ಮೀ., ಫ್ರಾನ್ಸ್, ಜಪಾನಿನ ಅತಿವೇಗದ ಮಾರ್ಗಗಳ ಸ್ಟ್ಯಾಂಡರ್ಡ್ ಗೇಜಿಗೆ ಸುಮಾರು 1,500.

ಕೊಂಕಣ ರೈಲ್ವೆಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ 1,250 ಮೀಟರ್. ಅಲ್ಲಿ 250ರ ವೇಗದಲ್ಲಿ ಹೋಗಬೇಕೆಂದು ಇಟ್ಟುಕೊಳ್ಳಿ. 250 ಕಿ.ಮೀ. ಎಂದರೆ ಸೆಕೆಂಡಿಗೆ 69.4 ಮೀಟರ್. ಲೆಕ್ಕ ಹಾಕಿದರೆ ಸುಮಾರು 690 ಮಿ.ಮೀ. ಬರುತ್ತದೆ. ಅಂದರೆ ಒಂದು ಹಳಿ ಇನ್ನೊಂದಕ್ಕಿಂತ ಎರಡು ಅಡಿಗೂ ಮೇಲೆ! ಅಷ್ಟು ವಾಲಿಸಿ ಹಾಕಿದ ಹಳಿಯ ಮೇಲೆ ಸಿಗ್ನಲ್ ಸಿಗದೆ ಗಾಡಿ ನಿಂತುಬಿಟ್ಟರೆ ಪ್ರಯಾಣಿಕರೆಲ್ಲ ಒಂದೇ ಬದಿಗೆ ಉರುಳಿ ಬೀಳುತ್ತಾರೆ, ಗೂಡ್ಸ್ ಗಾಡಿಯ ಭಾರವೆಲ್ಲ ಒಳಹಳಿಯ ಮೇಲೆ ಕೂತು ಅದನ್ನು ಅರೆದುಬಿಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಕ್ಯಾಂಟ್ 165 ಮಿ.ಮೀ. ದಾಟುವುದಿಲ್ಲ. ಅದರ ಮೇಲೆ ಇನ್ನೂ 75ರಿಂದ 100 ಮಿ.ಮೀ. ಕೊರತೆ ಬಿಟ್ಟುಕೊಡುತ್ತಾರೆ, ಅಂದರೆ ಅಷ್ಟು ಎಳೆತವನ್ನು ಪ್ರಯಾಣಿಕರ ಮೈ ಸಹಿಸಿಕೊಳ್ಳಲಿ ಎಂದು. ಎರಡೂ ಸೇರಿದರೆ 1,250 ಮೀಟರಿನ ತಿರುವಿಗೆ ಒಗ್ಗುವ ವೇಗ 155ರ ಹತ್ತಿರ ಬಂದು ನಿಲ್ಲುತ್ತದೆ. ಕೊಂಕಣ ಮಾರ್ಗವನ್ನು 160ಕ್ಕೆ ಎಂದು ಕಲ್ಪಿಸಿ ಕಟ್ಟಿದ್ದರ ಹಿಂದಿನ ಲೆಕ್ಕ ಇದೇ. 1998ರಲ್ಲಿ ಪೂರ್ತಿ ತೆರೆದ ಮಾರ್ಗಕ್ಕೆ ಅದು ಸಣ್ಣ ಕನಸೇನೂ ಆಗಿರಲಿಲ್ಲ.

ಈಗ ಫ್ರೆಂಚರ ಲೆಕ್ಕ. 4,000 ಮೀಟರಿನ ತಿರುವು, ವೇಗ 300. ಬರುವುದು 265 ಮಿ.ಮೀ. ಇದರಲ್ಲಿ 180ನ್ನು ಹಳಿ ಎತ್ತರಿಸಿ ತುಂಬುತ್ತಾರೆ, ಉಳಿದ 85 ಪ್ರಯಾಣಿಕರ ಪಾಲು. ಕೈಯಲ್ಲಿ ಹಿಡಿದ ಕಾಫಿ ಚೆಲ್ಲುವುದಿಲ್ಲ.

ಜಪಾನಿನ ಮೊದಲ ಮಾರ್ಗದ ಕಥೆ ಇನ್ನೂ ಸ್ವಾರಸ್ಯ. ಅದನ್ನು 210ರ ಕಾಲದಲ್ಲಿ ಕಟ್ಟಿದ್ದರಿಂದ ತಿರುವುಗಳು 2,500 ಮೀಟರಿನವು. ವೇಗ 270ಕ್ಕೆ ಏರಿಸಬೇಕೆಂದಾಗ ಬೇಕಾದ ಎತ್ತರ 344 ಮಿ.ಮೀ. ಆಯಿತು. ಹಾಕಿದ್ದು 200 ಮಾತ್ರ. ತಿರುವು ನೆಟ್ಟಗೆ ಮಾಡೋಣವೆಂದರೆ ಎರಡೂ ಕಡೆ ಊರು ಬೆಳೆದುಬಿಟ್ಟಿತ್ತು. ಕೊನೆಗೆ 2007ರಲ್ಲಿ ಬಂದ ಎನ್700 ಗಾಡಿಯಲ್ಲಿ ಡಬ್ಬಿಯನ್ನು ಹೊತ್ತ ಗಾಳಿಚೀಲಗಳನ್ನೇ ಒಂದು ಬದಿಯಲ್ಲಿ ಉಬ್ಬಿಸಿ ಗಾಡಿಯನ್ನು ಒಂದೇ ಒಂದು ಡಿಗ್ರಿ ಒಳಕ್ಕೆ ವಾಲಿಸಿದರು. ಒಂದು ಡಿಗ್ರಿ ಎಂದರೆ 26 ಮಿ.ಮೀ.ಗೆ ಸಮ. ತಿರುವಿನಲ್ಲಿ ವೇಗ ತಗ್ಗಿಸುವ ರಗಳೆ ತಪ್ಪಲು ಅಷ್ಟು ಸಾಕಾಯಿತು. ಅರವತ್ತು ವರ್ಷದ ಹಿಂದೆ ನೆಲದ ಮೇಲೆ ಎಳೆದ ಗೆರೆ ಇವತ್ತಿನ ಗಾಡಿಯನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ನೋಡಿ.

ಏರಿಗೆ ಹೆದರುವುದಿಲ್ಲ

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ 55 ಕಿ.ಮೀ.ಯಲ್ಲಿ ರೈಲು 30ರ ವೇಗ ಮೀರುವಂತಿಲ್ಲ. ಅಲ್ಲಿನ ಏರು 50ಕ್ಕೆ 1. ಅಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಎತ್ತರ. ಕಡಿದಾದ ಏರು ಇದೆ, ಅದಕ್ಕೇ ನಿಧಾನ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪ್ಯಾರಿಸ್–ಲಿಯಾನ್ ಮಾರ್ಗದಲ್ಲಿ 28ಕ್ಕೆ 1ರಷ್ಟು ಏರಿದೆ. 2002ರಲ್ಲಿ ತೆರೆದ ಜರ್ಮನಿಯ ಕಲೋನ್–ಫ್ರಾಂಕ್‌ಫರ್ಟ್ ಮಾರ್ಗದಲ್ಲಿ 25ಕ್ಕೆ 1. ನಮ್ಮ ಘಾಟಿಯ ಎರಡರಷ್ಟು ಕಡಿದು, ಅದನ್ನು ಅವರು 300ರಲ್ಲಿ ಹತ್ತುತ್ತಾರೆ.

ಕಾರಣ ಸರಳ. 300ರಲ್ಲಿ ಓಡುವ ಗಾಡಿಯಲ್ಲಿ ತುಂಬಿರುವ ಓಟದ ಶಕ್ತಿ ಎಷ್ಟೆಂದರೆ, ಗಾಳಿ ಮತ್ತು ಘರ್ಷಣೆ ಇಲ್ಲದಿದ್ದರೆ ಮೋಟಾರು ಆರಿಸಿದರೂ ಅದು 350 ಮೀಟರ್ ಎತ್ತರ ಏರಿಬಿಡುತ್ತದೆ. ನಾಲ್ಕೈದು ಕಿ.ಮೀ. ಉದ್ದದ ಏರು ಅದಕ್ಕೆ ರಸ್ತೆಯ ಹಂಪ್ ಇದ್ದಂತೆ. ಪ್ರಯಾಣಿಕರ ಗಾಡಿ ಹಗುರ, ಹಲವು ಗಾಡಿಗಳಲ್ಲಿ ಮೋಟಾರುಗಳು ಉದ್ದಕ್ಕೂ ಹಂಚಿಕೊಂಡಿರುತ್ತವೆ. ಘಾಟಿಯಲ್ಲಿ ಕಷ್ಟ ಬೇರೆ. ಗೂಡ್ಸ್ ಗಾಡಿಯೂ ಅದೇ ಹಳಿಯಲ್ಲಿ ಹೋಗಬೇಕು, ಅದಕ್ಕೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಬೇಕು. ಇಳಿಯುವಾಗ ಬ್ರೇಕು ಕಾದು ಹಿಡಿತ ತಪ್ಪಿದರೆ ಗಾಡಿಯನ್ನು ಏರಿನ ಕಡೆಗೆ ತಿರುಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗುಡ್ಡದ ಮೈಗೆ ಅಂಟಿಕೊಂಡು ಸುತ್ತುವ ಬಿಗಿ ತಿರುವುಗಳು. ಘಾಟಿಯನ್ನು ವೇಗದ ಮಾರ್ಗ ಮಾಡಲು ಹೊರಟರೆ ಏರು ಉಳಿಸಿಕೊಂಡೇ ತಿರುವು ಬಿಡಿಸಬೇಕು. ಅಂದರೆ ಉದ್ದುದ್ದ ಸುರಂಗ, ಅಂದರೆ ಪಶ್ಚಿಮ ಘಟ್ಟದ ಹೊಟ್ಟೆಗೆ ಕೈ ಹಾಕಿದಂತೆ.

ಬೋಗಿ, ಗಾಲಿ ಮತ್ತು ಎರಡು ಪೇಪರ್ ಲೋಟ

ನಾವು ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ವರ್ಕ್‌ಶಾಪಿನವರ ಬಾಯಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿರುವ ನಾಲ್ಕು ಗಾಲಿಗಳ ಚೌಕಟ್ಟು. ಅತಿವೇಗದ ಗಾಡಿಯ ಅಸಲಿ ಕಸುಬು ಇರುವುದು ಅಲ್ಲಿ.

ಎರಡು ಪೇಪರ್ ಲೋಟಗಳ ಬಾಯಿಗೆ ಬಾಯಿ ಸೇರಿಸಿ ಟೇಪು ಹಚ್ಚಿ. ಎರಡು ಉದ್ದ ಸ್ಕೇಲುಗಳನ್ನು ಹಳಿಗಳ ಹಾಗೆ ಸ್ವಲ್ಪ ಇಳಿಜಾರಾಗಿಟ್ಟು ಅವುಗಳ ಮೇಲೆ ಉರುಳಿಸಿ. ಲೋಟ ಅತ್ತಿತ್ತ ಸರಿದರೂ ತಾನಾಗಿ ನಡುವಿಗೆ ಬರುತ್ತದೆ. ತಳಕ್ಕೆ ತಳ ಅಂಟಿಸಿ ಉರುಳಿಸಿದರೆ ಕೂಡಲೇ ಜಾರಿ ಬೀಳುತ್ತದೆ. ರೈಲಿನ ಗಾಲಿಯೂ ಮೊದಲನೇ ಜೋಡಿ ಲೋಟದ ಹಾಗೆ. ಒಳಬದಿ ತುಸು ದಪ್ಪ, ಹೊರಬದಿ ತುಸು ಸಣ್ಣ. ಎರಡು ಗಾಲಿ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಜೋಡಿ ಬಲಕ್ಕೆ ಸರಿದರೆ ಬಲಗಾಲಿ ದೊಡ್ಡ ಸುತ್ತಿನ ಮೇಲೆ ಉರುಳಿ ಮುಂದೆ ಹೋಗುತ್ತದೆ, ಜೋಡಿ ಎಡಕ್ಕೆ ತಿರುಗಿ ನಡುವಿಗೆ ಮರಳುತ್ತದೆ. ಅಂಚಿನ ಫ್ಲ್ಯಾಂಜ್ ಹಳಿಗೆ ತಾಗುವ ಅಗತ್ಯವೇ ಬರುವುದಿಲ್ಲ.

ತೊಂದರೆ ಏನೆಂದರೆ ಅದು ನಡುವಿಗೆ ಬಂದು ಸುಮ್ಮನೆ ನಿಲ್ಲುವುದಿಲ್ಲ, ಇನ್ನೊಂದು ಬದಿಗೂ ಸರಿಯುತ್ತದೆ. ಹಾವಿನ ನಡಿಗೆಯ ಹಾಗೆ ಅತ್ತ ಇತ್ತ. ಕಡಿಮೆ ವೇಗದಲ್ಲಿ ಈ ಓಲಾಟ ತಾನಾಗಿ ಸಾಯುತ್ತದೆ. ಒಂದು ಮಿತಿ ದಾಟಿದರೆ ಪ್ರತಿ ಸುತ್ತಿಗೂ ಹೆಚ್ಚುತ್ತ ಹೋಗಿ ಗಾಲಿ ಹಳಿಗೆ ಗುದ್ದತೊಡಗುತ್ತದೆ, ಹಳಿಯೇ ಬಾಗಬಹುದು. ಇದಕ್ಕೆ ಹಂಟಿಂಗ್ ಎಂದು ಹೆಸರು. ಮದ್ದು ಮೂರು. ಗಾಲಿಯ ಇಳಿಜಾರನ್ನು 20ಕ್ಕೆ 1ರ ಬದಲು 40ಕ್ಕೆ 1ರಷ್ಟು ನವಿರು ಮಾಡುವುದು, ಅಚ್ಚನ್ನು ಚೌಕಟ್ಟಿಗೆ ಗಟ್ಟಿಯಾಗಿ ಕಟ್ಟುವುದು, ಡಬ್ಬಿಗೂ ಬೋಗಿಗೂ ನಡುವೆ ಉದ್ದಕ್ಕೆ ಮಲಗಿಸಿದ ಶಾಕ್ ಅಬ್ಸಾರ್ಬರ್ ಕೂರಿಸಿ ಬೋಗಿ ಜೋರಾಗಿ ತಿರುಚದಂತೆ ತಡೆಯುವುದು. ಆದರೆ ಗಾಲಿ ಸವೆದಂತೆ ಅದರ ಆಕಾರ ಬದಲಾಗುತ್ತದೆ, ಹಂಟಿಂಗ್ ಶುರುವಾಗುವ ವೇಗ ಕೆಳಗಿಳಿಯುತ್ತದೆ. ಅದಕ್ಕೇ ಗಾಲಿಯನ್ನು ಆಗಾಗ ಲೇತಿಗೆ ಹಾಕಿ ಮತ್ತೆ ಕಡೆಯಬೇಕು. ಉದ್ಘಾಟನೆಯ ದಿನದ ಫೋಟೋದಲ್ಲಿ ಇದೊಂದೂ ಕಾಣುವುದಿಲ್ಲ.

ಗಾಲಿಯ ವಿಷಯದಲ್ಲಿ ಅಡ್ಡದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಎಶೆಡೆ ಸಾಕ್ಷಿ. ಊಟದ ಡಬ್ಬಿಯಲ್ಲಿ ಅದುರು ಹೆಚ್ಚಾಯಿತೆಂದು ಗಾಲಿಗೂ ಹೊರಗಿನ ಉಕ್ಕಿನ ಬಳೆಗೂ ನಡುವೆ ರಬ್ಬರ್ ಪಟ್ಟಿ ಇಟ್ಟರು. ಟ್ರಾಮಿಗೆ ಸರಿಹೋಗಿದ್ದ ಉಪಾಯ. ಪ್ರತಿ ಸುತ್ತಿಗೂ ಬಳೆ ಚೂರು ಚೂರೇ ಚಪ್ಪಟೆಯಾಗಿ ಮತ್ತೆ ಉರುಟಾಗಿ, ಲೋಹ ದಣಿದು ಒಳಗಿನಿಂದ ಬಿರುಕು ಬಿಟ್ಟಿತು. 1998ರ ಜೂನ್ 3ರಂದು 200ರ ವೇಗದಲ್ಲಿ ಬಳೆ ಸೀಳಿತು, ಮುಂದೆ ಪಾಯಿಂಟಿನಲ್ಲಿ ಸಿಕ್ಕಿಕೊಂಡಿತು, ಡಬ್ಬಿಗಳು ರಸ್ತೆ ಸೇತುವೆಯ ಕಂಬಕ್ಕೆ ಬಡಿದು 101 ಜನ ಸತ್ತರು. ಆ ಮಾದರಿಯ ಗಾಲಿಗಳನ್ನು ತೆಗೆದು ಇಡಿಯಾಗಿ ಎರಕ ಹೊಯ್ದು ಬಡಿದು ಮಾಡಿದ ಗಾಲಿಗಳನ್ನು ಹಾಕಿದರು.

ಮೋಟಾರಿನ ಮಾತು ಬೇಗ ಮುಗಿಸಬಹುದು. ಗಾಳಿಯ ತಡೆ ವೇಗದ ವರ್ಗದಂತೆ, ಅದನ್ನು ಸೀಳಲು ಬೇಕಾದ ಪವರ್ ವೇಗದ ಘನದಂತೆ ಏರುತ್ತದೆ. 100ರಿಂದ 300ಕ್ಕೆ ಹೋದರೆ 27 ಪಟ್ಟು. ಉಕ್ಕಿನ ಗಾಲಿ ಉಕ್ಕಿನ ಹಳಿಗೆ ತಾಗುವ ಜಾಗ ಉಗುರಿನಷ್ಟು, ಒಂದೇ ಇಂಜಿನ್ ಅಷ್ಟು ಬಲ ಹಾಕಿದರೆ ಗಾಲಿ ಜಾರುತ್ತದೆ. ಆದ್ದರಿಂದ ಹದಿನಾರು ಡಬ್ಬಿಯ ಎನ್700ರಲ್ಲಿ 64 ಅಚ್ಚುಗಳ ಪೈಕಿ 56ಕ್ಕೆ ಮೋಟಾರು ಇದೆ, ಒಂದೊಂದು 305 ಕಿಲೋವ್ಯಾಟಿನದು. ವಂದೇ ಭಾರತ್‌ನಲ್ಲೂ ಪ್ರತ್ಯೇಕ ಇಂಜಿನ್ ಇಲ್ಲದೆ ಡಬ್ಬಿಗಳ ಅಡಿಯಲ್ಲೇ ಮೋಟಾರು ಹಂಚಿರುವುದು ಇದೇ ಉಪಾಯ.

ಮೇಲಿನ ತಂತಿ ಓಟಕ್ಕೆ ಮಿತಿ ಹಾಕುತ್ತದೆ

ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗದ ಒಂದು ತುದಿಯನ್ನು ಬೆರಳಿನಿಂದ ಮೀಟಿದರೆ ಅಲೆ ಓಡಿಹೋಗಿ ಇನ್ನೊಂದು ತುದಿಗೆ ಬಡಿದು ವಾಪಸು ಬರುತ್ತದೆ. ಹಗ್ಗ ಬಿಗಿಯಾದಷ್ಟೂ ಅಲೆ ಜೋರು, ಒದ್ದೆಯಾಗಿ ಭಾರವಾದರೆ ನಿಧಾನ. ರೈಲಿನ ತಲೆಯ ಮೇಲೆ ತಂತಿಯಿಂದ ಕರೆಂಟು ಹಿಡಿಯುವ ಪ್ಯಾಂಟೋಗ್ರಾಫ್ ಮಾಡುವುದೂ ಇದನ್ನೇ. ತಂತಿಯನ್ನು ಕೆಳಗಿನಿಂದ ಒತ್ತುತ್ತ ಹೋದಂತೆ ಅದರಲ್ಲಿ ಅಲೆ ಏಳುತ್ತದೆ. ಗಾಡಿ ತನ್ನದೇ ಅಲೆಯನ್ನು ಹಿಡಿಯುವಷ್ಟು ವೇಗವಾಗಿ ಹೋದರೆ ತಂತಿ ಎದುರಿಗೆ ಗುಡ್ಡದಂತೆ ಉಬ್ಬುತ್ತದೆ, ಸಂಪರ್ಕ ತಪ್ಪಿ ಕಿಡಿ ಹಾರುತ್ತದೆ, ತಂತಿ ಕರಗಿ ತುಂಡಾಗಲೂಬಹುದು. ಗಾಡಿಯ ವೇಗ ಅಲೆಯ ವೇಗದ ಶೇ. 70 ದಾಟಬಾರದು ಎನ್ನುವುದು ಇದರಿಂದ ಬಂದ ಕಟ್ಟಳೆ.

ನಮ್ಮಲ್ಲಿ ಸಾಮಾನ್ಯವಾಗಿ 107 ಚದರ ಮಿ.ಮೀ. ದಪ್ಪದ ತಾಮ್ರದ ತಂತಿಯನ್ನು 1,000 ಕೆ.ಜಿ. ತೂಗಿದಷ್ಟು ಬಿಗಿಯಲ್ಲಿ ಎಳೆದಿರುತ್ತಾರೆ. ನಿಲ್ದಾಣಗಳ ಆಚೆ ಕೆಲವು ಕಂಬಗಳಲ್ಲಿ ರಾಟೆಗೆ ನೇತುಹಾಕಿದ ತೂಕದ ಬಿಲ್ಲೆಗಳ ಸರ ಕಾಣುತ್ತದಲ್ಲ, ಬಿಸಿಲಿಗೆ ತಂತಿ ಹಿಗ್ಗಿದರೂ ಬಿಗಿ ಕಾಯುವುದು ಅದೇ. ಲೆಕ್ಕ ಹಾಕಿದರೆ ಅಲೆ ಗಂಟೆಗೆ 360 ಕಿ.ಮೀ.ಯಂತೆ ಓಡುತ್ತದೆ, ಶೇ. 70 ಎಂದರೆ 250. ಅದು ಪುಸ್ತಕದ ಮಿತಿ, ಕಂಬದ ಅಂತರ, ಜೋಡಣೆ, ಗಾಳಿ ಇವೆಲ್ಲ ಅದನ್ನು ಇನ್ನೂ ಕೆಳಗೆ ತರುತ್ತವೆ. ಅದರ ಬದಲು 150 ಚದರ ಮಿ.ಮೀ. ತಂತಿಯನ್ನು 27 ಕಿಲೋನ್ಯೂಟನ್, ಅಂದರೆ ಸುಮಾರು ಎರಡೂಮುಕ್ಕಾಲು ಟನ್ ಎಳೆತದಲ್ಲಿ ಕಟ್ಟಿದರೆ ಅಲೆ 500 ದಾಟುತ್ತದೆ, ಗಾಡಿ 350ರಲ್ಲಿ ಹೋಗಬಹುದು. ಶುದ್ಧ ತಾಮ್ರ ಆ ಎಳೆತ ತಾಳದು, ತವರ ಅಥವಾ ಮೆಗ್ನೀಸಿಯಂ ಬೆರೆಸಬೇಕು. 2007ರ ಏಪ್ರಿಲ್ 3ರಂದು ಫ್ರೆಂಚರು 574.8 ಕಿ.ಮೀ. ವೇಗದ ದಾಖಲೆ ಮಾಡಿದಾಗ ತಂತಿಯ ಬಿಗಿಯನ್ನೂ ವೋಲ್ಟೇಜನ್ನೂ ಅದಕ್ಕೆಂದೇ ಹೆಚ್ಚಿಸಿದ್ದರು.

ಜಪಾನಿನ ಗಾಡಿಗೆ ಮಿಂಚುಳ್ಳಿ ಹಕ್ಕಿಯ ಕೊಕ್ಕಿನಂಥ ಉದ್ದ ಮೂತಿ ಯಾಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಕೊಟ್ಟುಬಿಡಬಹುದು. ಸುರಂಗಕ್ಕೆ ಗಾಡಿ ಒಮ್ಮೆಲೇ ನುಗ್ಗಿದರೆ ಮುಂದಿನ ಗಾಳಿ ಪಿಚಕಾರಿಯಲ್ಲಿ ಸಿಕ್ಕಿದ ಹಾಗೆ ಒತ್ತಿ, ಆ ಒತ್ತಡದ ಅಲೆ ಇನ್ನೊಂದು ಬಾಯಿಯಲ್ಲಿ ಗರ್ನಾಲಿನ ಸದ್ದಿನೊಂದಿಗೆ ಹೊರಬೀಳುತ್ತದೆ. ಜಪಾನಿನ ಇಂಜಿನಿಯರ್ ಐಜಿ ನಾಕತ್ಸು ಹಕ್ಕಿ ನೋಡುವ ಹವ್ಯಾಸದವರು. ನೀರಿಗೆ ಸದ್ದಿಲ್ಲದೆ ಧುಮುಕುವ ಮಿಂಚುಳ್ಳಿಯ ಕೊಕ್ಕಿನ ಹೋಲಿಕೆ ಹಿಡಿದು 500 ಸರಣಿಯ ಗಾಡಿಗೆ 15 ಮೀಟರ್ ಉದ್ದದ ಮೂತಿ ಬಂತು. ಉದ್ದ ಮೂತಿ ನಿಧಾನವಾಗಿ ಒಳಹೊಗುವುದರಿಂದ ಒತ್ತಡ ಹಂತಹಂತವಾಗಿ ಏರುತ್ತದೆ. ಮೂತಿ ಚಂದಕ್ಕಲ್ಲ. 90ಕ್ಕೂ ಹೆಚ್ಚು ಸುರಂಗಗಳಿರುವ, ಅವು ಒಂದೇ ಹಳಿಯ ಅಳತೆಗೆ ಕೊರೆದಿರುವ ಕೊಂಕಣ ಮಾರ್ಗದಲ್ಲಿ 300ರಲ್ಲಿ ಹೋಗಬೇಕೆಂದರೆ ಯಾವ ಹಕ್ಕಿಯ ಮೂತಿ ಇಟ್ಟರೂ ಸಾಲದು, ಸುರಂಗದ ಬಾಯಿಯನ್ನೇ ದೊಡ್ಡದು ಮಾಡಬೇಕು.

ಶೇಡಿ ಮಣ್ಣಿನ ಮೇಲೆ ಹಳಿ

ನಮ್ಮ ಜಿಲ್ಲೆಗಳಲ್ಲಿ ಬಾವಿ ತೋಡಿಸಿದವರಿಗೆ ಗೊತ್ತು. ಮೇಲೆ ಕೆಂಪುಕಲ್ಲು, ಅದರ ಕೆಳಗೆ ಬೆಳ್ಳಗೆ, ಹಳದಿ, ನಸುಗೆಂಪಾಗಿ ನುಣುಪಾದ ಶೇಡಿ ಮಣ್ಣು. ಬೇಸಿಗೆಯಲ್ಲಿ ಗುದ್ದಲಿಗೂ ಬಗ್ಗದಷ್ಟು ಗಟ್ಟಿ. ಮಳೆಗಾಲದಲ್ಲಿ ನೀರು ಕುಡಿದರೆ ಸಾಬೂನಿನ ಹಾಗೆ. ಗುಡ್ಡ ಕಡಿದು ನೆಟ್ಟಗೆ ನಿಲ್ಲಿಸಿದ ಗೋಡೆ ಐದು ಮಳೆಗಾಲ ತಡೆದು ಆರನೆಯದರಲ್ಲಿ ಕುಸಿಯುವುದು ಹೀಗೆ. 2019ರ ಆಗಸ್ಟ್‌ನಲ್ಲಿ ಪಡೀಲ್–ಕುಲಶೇಖರ ನಡುವೆ ಗುಡ್ಡ ಜರಿದು ಹಳಿ ಮುಚ್ಚಿದಾಗ ಸಂಚಾರ ದಿನಗಟ್ಟಲೆ ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಘಾಟಿಯ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಬುಡದ ಮಣ್ಣೇ ಜಾರಿತು. 2004ರ ಜೂನ್‌ನಲ್ಲಿ ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಹಾರಾಷ್ಟ್ರದ ಕರಂಜಾಡಿ ಬಳಿ ಹಳಿಗೆ ಉರುಳಿದ್ದ ಬಂಡೆಗೆ ಬಡಿದು ಸೇತುವೆಯಿಂದ ಕೆಳಗೆ ಬಿದ್ದದ್ದನ್ನು ಕರಾವಳಿಯ ಹಿರಿಯರು ಮರೆತಿಲ್ಲ.

ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆಯೇ ವೇಳಾಪಟ್ಟಿ ಇರುವುದು ಇದಕ್ಕೆ. ಜೋರು ಮಳೆ ಬಂದು ಮುಂದೆ ಕಾಣದಾದರೆ ಲೋಕೊ ಪೈಲಟ್ 40ಕ್ಕೆ ಇಳಿಸಬೇಕು. ಬಂಡೆ ಕಂಡ ಕೂಡಲೇ ನಿಲ್ಲಿಸುವಷ್ಟು ವೇಗ ಮಾತ್ರ, ಅಷ್ಟೇ ಅದರ ತರ್ಕ. ಕಡಿದ ಗುಡ್ಡಗಳಿಗೆ ಉಕ್ಕಿನ ಬಲೆ ಹೊದಿಸುವುದು, ಇಳಿಜಾರು ತಗ್ಗಿಸುವುದು, ಮಳೆಗಾಲವಿಡೀ ಕಾವಲು ಹಾಕುವುದು ಇವೆಲ್ಲ ಆಗಿವೆ, ಅದರಿಂದ ಅಪಘಾತ ಕಡಿಮೆಯೂ ಆಗಿದೆ. ಆದರೆ ಮಣ್ಣಿನ ಗುಣ ಬದಲಾಗಿಲ್ಲ.

300ರಲ್ಲಿ ಓಡುವ ಗಾಡಿಗೆ ಮಣ್ಣು ಜರಿಯುವುದಿರಲಿ, ತುಸು ತಗ್ಗಿದರೂ ಆಗದು. ಚೀನಾದಲ್ಲಿ ಜಲ್ಲಿಯಿಲ್ಲದ ಕಾಂಕ್ರೀಟ್ ಹಾಸಿನ ಹಳಿ ಹಾಕಿದ ಮೇಲೆ ನೆಲ 15 ಮಿ.ಮೀ.ಗಿಂತ ಹೆಚ್ಚು ಇಳಿಯುವಂತಿಲ್ಲ. ಮಣ್ಣಿನ ಏರಿ ಹಾಕಿ ಈ ಮಾತು ಕೊಡುವುದು ಕಷ್ಟ, ಆದ್ದರಿಂದ ಅವರು ಗದ್ದೆ ಬಯಲಿನಲ್ಲೂ ಕಂಬ ನಿಲ್ಲಿಸಿ ಸೇತುವೆಯ ಮೇಲೆಯೇ ಹೋದರು. ಬೀಜಿಂಗ್–ಶಾಂಘೈ ಮಾರ್ಗದ ದನ್ಯಾಂಗ್–ಕುನ್‌ಶಾನ್ ಸೇತುವೆ ಒಂದೇ 164 ಕಿ.ಮೀ. ಉದ್ದ. ಮಂಗಳೂರಿನಿಂದ ಹೊರಟರೆ ಭಟ್ಕಳ ದಾಟಿ ಆಚೆಗೆ ಹೋಗುವಷ್ಟು. ಒಂದೇ ಅಳತೆಯ 32 ಮೀಟರ್ ಕಾಂಕ್ರೀಟ್ ಪೆಟ್ಟಿಗೆಗಳನ್ನು ಅಂಗಳದಲ್ಲಿ ಎರಕ ಹೊಯ್ದು, ಕಟ್ಟಿದ ಸೇತುವೆಯ ಮೇಲೆಯೇ ಸಾಗಿಸಿ, ಮುಂದಿನ ಕಂಬಕ್ಕೆ ಇಳಿಸುತ್ತ ಹೋದರು. ದುಬಾರಿಯಂತೆ ಕಂಡರೂ ಭೂಮಿ ಕಡಿಮೆ ಸಾಕು, ದನ, ಜನ, ಲೆವೆಲ್ ಕ್ರಾಸಿಂಗ್ ಯಾವುದರ ಕಾಟವೂ ಇಲ್ಲ.

ಮಣ್ಣು ಮೋಸ ಮಾಡುವುದು ಯುರೋಪಿನಲ್ಲೂ ಉಂಟು. 1993ರ ಡಿಸೆಂಬರ್‌ನಲ್ಲಿ ಉತ್ತರ ಫ್ರಾನ್ಸಿನಲ್ಲಿ ಸುಮಾರು 290ರ ವೇಗದಲ್ಲಿದ್ದ ಟಿಜಿವಿಯ ಅಡಿ ಮಳೆಗೆ ನೆಲ ಬಾಯಿ ಬಿಟ್ಟಿತು. ಮೊದಲನೇ ಮಹಾಯುದ್ಧದ ಕಾಲದ ಕಂದಕ ಕೆಳಗೆ ಮುಚ್ಚಿಹೋಗಿತ್ತಂತೆ, ಅದು ಕಟ್ಟುವವರಿಗೆ ಕಂಡಿರಲಿಲ್ಲ. ಡಬ್ಬಿಗಳು ಹಳಿ ಬಿಟ್ಟವು, ಆದರೆ ಮಗುಚಲಿಲ್ಲ, ಯಾರೂ ಸಾಯಲಿಲ್ಲ. ಟಿಜಿವಿಯಲ್ಲಿ ಎರಡು ಡಬ್ಬಿಗಳ ನಡುವೆ ಒಂದೇ ಬೋಗಿ ಇರುತ್ತದೆ, ಇಡೀ ಗಾಡಿ ಬೆನ್ನುಮೂಳೆಯ ಹಾಗೆ ಹೆಣೆದುಕೊಂಡಿರುತ್ತದೆ. ಅದು ಉಳಿಸಿತು.

ಕಣ್ಣಿಗೆ ಕಾಣದ ಸಿಗ್ನಲ್

300ರ ವೇಗ ಎಂದರೆ ಸೆಕೆಂಡಿಗೆ 83 ಮೀಟರ್. ಬ್ರೇಕು ಒತ್ತಿದರೆ ನಿಲ್ಲಲು ಮೂರು ಕಿ.ಮೀ.ಗೂ ಹೆಚ್ಚು ಬೇಕು. ಸುರತ್ಕಲ್‌ನಲ್ಲಿ ಬ್ರೇಕು ಹಾಕಿದರೆ ಮುಕ್ಕದಲ್ಲಿ ನಿಲ್ಲುವ ಲೆಕ್ಕ. ಕಂಬದ ಮೇಲಿನ ಕೆಂಪು ದೀಪ ಕಂಡಾಗ ಹೊತ್ತು ಮೀರಿರುತ್ತದೆ. ಹಾಗಾಗಿ ದಾರಿಬದಿಯ ಸಿಗ್ನಲ್ ತೆಗೆದು, ಅನುಮತಿ ಇರುವ ವೇಗವನ್ನೇ ಹಳಿಯ ಮೂಲಕವೋ ರೇಡಿಯೋ ಮೂಲಕವೋ ಚಾಲಕನ ಮುಂದಿನ ಪರದೆಗೆ ಕಳಿಸುತ್ತಾರೆ. ಆತ ಕೇಳದಿದ್ದರೆ ಯಂತ್ರವೇ ಬ್ರೇಕು ಹಾಕುತ್ತದೆ. ಜಪಾನಿನಲ್ಲಿ ಭೂಕಂಪದ ಮೊದಲ ಸಣ್ಣ ಅಲೆ ಗೊತ್ತಾದೊಡನೆ ತಂತಿಯ ಕರೆಂಟು ಹೋಗಿ ಗಾಡಿ ತಾನಾಗಿ ನಿಲ್ಲತೊಡಗುತ್ತದೆ.

ಈ ರಕ್ಷಣೆ ಎಲ್ಲಿ ಮುಗಿಯುತ್ತದೋ ಅಲ್ಲಿ ಅಪಾಯ ಶುರು. ಸ್ಪೇನಿನ ಸಾಂತಿಯಾಗೋ ಬಳಿ 2013ರ ಜುಲೈ 24ರಂದು 80ರ ಮಿತಿಯ ತಿರುವಿಗೆ ಗಾಡಿ 179ರಲ್ಲಿ ಬಂತು. ಹೊಸ ಮಾರ್ಗದಿಂದ ಹಳೆಯ ಹಳಿಗೆ ಸೇರುವ ಆ ಜಾಗಕ್ಕೆ ವೇಗ ಕಾಯುವ ವ್ಯವಸ್ಥೆ ಇರಲಿಲ್ಲ, ಚಾಲಕ ಫೋನಿನಲ್ಲಿದ್ದ. ಸುಮಾರು 80 ಜನ ಹೋದರು. ಚೀನಾದ ವೆಂಝೌನಲ್ಲಿ 2011ರ ಜುಲೈಯಲ್ಲಿ ಸಿಡಿಲಿಗೆ ಸಿಗ್ನಲ್ ಯಂತ್ರ ಕೆಟ್ಟು, ಗಾಡಿ ನಿಂತಿದ್ದ ಹಳಿಯನ್ನು ಖಾಲಿ ಎಂದು ತೋರಿಸಿತು. 40 ಜನ ಸತ್ತರು. ಕೆಟ್ಟಾಗ ಕೆಂಪೇ ತೋರಿಸಬೇಕೆಂಬುದು ಸಿಗ್ನಲ್ ಕಸುಬಿನ ಮೊದಲ ಪಾಠ, ಅದೇ ತಪ್ಪಿತ್ತು. ಇತ್ತ ಶಿಂಕಾನ್ಸೆನ್ 1964ರಿಂದ ಇಲ್ಲಿಯವರೆಗೆ ಡಿಕ್ಕಿಯಲ್ಲಾಗಲಿ ಹಳಿ ತಪ್ಪಿಯಾಗಲಿ ಒಬ್ಬ ಪ್ರಯಾಣಿಕನನ್ನೂ ಕಳೆದುಕೊಂಡಿಲ್ಲ. ಅಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರ ತನಕ ಒಂದೂ ಗಾಡಿ ಓಡುವುದಿಲ್ಲ, ಆ ಹೊತ್ತು ಪೂರ್ತಿ ಹಳಿ ರಿಪೇರಿಯವರದು.

ಒಂಟಿ ಹಳಿಯ ಜಗಳ

ಕೊಂಕಣ ಮಾರ್ಗ ಬಹುಪಾಲು ಒಂಟಿ ಹಳಿ. ಎದುರಿನಿಂದ ಗಾಡಿ ಬಂದರೆ ಒಂದು ನಿಲ್ದಾಣದಲ್ಲಿ ಬದಿಗೆ ಸರಿದು ಕಾಯಬೇಕು. ಸರಿಯುವ ಪಾಯಿಂಟು 12ಕ್ಕೆ 1ರ ಮಾದರಿಯದಾದರೆ, ಅಂದರೆ ಹನ್ನೆರಡು ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಬದಿಗೆ ಸರಿಯುವಂಥದಾದರೆ, ಸಾಮಾನ್ಯವಾಗಿ ಅದರ ಮೇಲೆ 30ಕ್ಕಿಂತ ಹೆಚ್ಚು ವೇಗ ಇಲ್ಲ. ಅಂದರೆ ಕ್ರಾಸಿಂಗ್ ಆದಾಗ ನಿಲ್ಲುವ ಐದು ನಿಮಿಷ ಮಾತ್ರವಲ್ಲ, ತೆವಳಿಕೊಂಡು ಒಳಗೆ ಬಂದು, ಮತ್ತೆ ತೆವಳಿಕೊಂಡು ಹೊರಗೆ ಹೋಗಿ ವೇಗ ಹಿಡಿಯುವ ಹೊತ್ತೂ ನಷ್ಟ. ಫ್ರಾನ್ಸಿನ ಅತಿವೇಗದ ಮಾರ್ಗದಲ್ಲಿ 65ಕ್ಕೆ 1ರ ಪಾಯಿಂಟುಗಳಿವೆ. ಉದ್ದ ಇನ್ನೂರು ಮೀಟರಿಗೆ ಹತ್ತಿರ, ಬದಲಿಸಲು ಸಾಲಾಗಿ ಹಲವು ಮೋಟಾರು, ಅದರ ಮೇಲೆ 220ರಲ್ಲಿ ಪಕ್ಕದ ಹಳಿಗೆ ಹೋಗಬಹುದು.

ನಮ್ಮಲ್ಲಿ ಅದೇ ಹಳಿಯಲ್ಲಿ ಲಾರಿಗಳನ್ನು ಹೊತ್ತ ರೋರೋ ಗಾಡಿ ಸುರತ್ಕಲ್‌ನಿಂದ ಹೊರಡಬೇಕು, ಗೂಡ್ಸ್ ಹೋಗಬೇಕು, ಪ್ಯಾಸೆಂಜರ್ ಹೋಗಬೇಕು. 300ರ ಗಾಡಿಗೆ ಮುಂದೆ 60ರ ಗಾಡಿ ಸಿಕ್ಕರೆ ಅದೂ 60ರದೇ. ಆದ್ದರಿಂದಲೇ ಮುಂಬೈ–ಅಹಮದಾಬಾದ್ ನಡುವಿನ 508 ಕಿ.ಮೀ.ಗೆ ಬೇರೆಯದೇ ಹಳಿ, ಬೇರೆಯದೇ ಗೇಜು, 12 ನಿಲ್ದಾಣ ಮಾತ್ರ. ಬ್ರಾಡ್‌ಗೇಜಿನಲ್ಲಿ ಅತಿವೇಗ ಆಗದು ಎಂದಲ್ಲ. ಜಪಾನಿನಲ್ಲಿ ಪರೀಕ್ಷೆಗೊಳಗಾದ ಗಾಡಿ, ಹಳಿ, ಪಾಯಿಂಟು ಎಲ್ಲ 1,435 ಮಿ.ಮೀ.ಗೆ ಸಿದ್ಧವಾಗಿವೆ, ಅದನ್ನು 1,676ಕ್ಕೆ ಹೊಸದಾಗಿ ರೂಪಿಸುವುದು ವರ್ಷಗಟ್ಟಲೆ ಕೆಲಸ.

ನಿಲ್ದಾಣ ಕಡಿಮೆ ಯಾಕೆಂದರೆ ಮುನ್ನೂರರ ಗಾಡಿ ವೇಗ ಹಿಡಿಯಲು ನಾಲ್ಕೈದು ನಿಮಿಷ, ಇಳಿಸಲು ಎರಡು ಮೂರು ನಿಮಿಷ ಬೇಕು. 50 ಕಿ.ಮೀ.ಗೆ ಒಂದು ನಿಲುಗಡೆ ಕೊಟ್ಟರೆ ಹತ್ತು ನಿಮಿಷದ ದಾರಿ ಹದಿನಾರು ನಿಮಿಷ ಆಗುತ್ತದೆ, ಸರಾಸರಿ 190ಕ್ಕೆ ಬೀಳುತ್ತದೆ. ಬೈಂದೂರಿಗೂ ಕುಂದಾಪುರಕ್ಕೂ ಬಾರ್ಕೂರಿಗೂ ನಿಲುಗಡೆ ಕೇಳುವುದು ನ್ಯಾಯವೇ, ಆದರೆ ಅದೇ ಗಾಡಿಯಿಂದ ವೇಗವನ್ನೂ ಕೇಳಿದರೆ ಲೆಕ್ಕ ಕೂಡುವುದಿಲ್ಲ.

ಕರಾವಳಿಗೆ 300ರ ಗಾಡಿ ಬರಲಿ ಎಂಬ ಬೇಡಿಕೆಗಿಂತ, ಮಂಗಳೂರಿನಿಂದ ಮಡಗಾಂವ್ ತನಕ ಜೋಡಿ ಹಳಿ, ನಿಲ್ದಾಣಗಳಲ್ಲಿ ವೇಗದ ಪಾಯಿಂಟು, ಕುಸಿಯುವ ಕಡೆಗಳಲ್ಲಿ ಗುಡ್ಡದ ಬಿಗಿತ ಇವು ಮೂರು ಆದರೆ ಈಗಿರುವ ವಂದೇ ಭಾರತ್ತೇ 320 ಕಿ.ಮೀ.ಯನ್ನು ಮೂರು ಗಂಟೆಯ ಆಸುಪಾಸಿನಲ್ಲಿ ಮುಗಿಸಬಲ್ಲದು. ಅದಕ್ಕೆ ಸರಾಸರಿ 107 ಸಾಕು. ಗಾಡಿ ಹೊಸದು ಬೇಡ.

ಮುಂದಿನ ಸಲ ಉಡುಪಿಯಿಂದ ಉತ್ತರಕ್ಕೆ ಹೋಗುವಾಗ ಕಿಟಕಿ ಬದಿ ಕೂತರೆ ಮೊಬೈಲಿನ ನಿಲ್ಗಡಿಯಾರ ತೆಗೆದಿಡಿ. ಹಳಿಬದಿಯ ಕರೆಂಟು ಕಂಬಗಳ ಮೇಲೆ ಎರಡು ಅಂಕಿ ಬರೆದಿರುತ್ತದೆ, ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನೊಳಗೆ ಕಂಬದ ಸಂಖ್ಯೆ. ಮೇಲಿನ ಅಂಕಿ ಬದಲಾದ ಕೂಡಲೇ ಒತ್ತಿ, ಮತ್ತೆ ಬದಲಾದಾಗ ನಿಲ್ಲಿಸಿ. 3,600ನ್ನು ಬಂದ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. 36 ಸೆಕೆಂಡು ಬಂದರೆ 100, 30 ಬಂದರೆ 120. ಬೀಜಿಂಗ್–ಶಾಂಘೈ ಗಾಡಿಯಲ್ಲಿ ಇದೇ ಎಣಿಕೆಗೆ ಹತ್ತು ಸೆಕೆಂಡು ಸಿಗುತ್ತದೆ, ಕಂಬದ ಅಂಕಿ ಓದಲು ಮಾತ್ರ ಆಗುವುದಿಲ್ಲ.